ಗಾಲಿಯ ನಟ್ಟಿಗೆ ತುಕ್ಕು: ಕಾರಣ, ನಿವಾರಣೆ ಮತ್ತು ಕೆಲವು ಮಾತುಗಳು

ಕಬ್ಬಿಣದ ಮೇಲೆ ಕೂಡುವ ಕೆಂಗಂದು ಪುಡಿಯನ್ನು ಕನ್ನಡದಲ್ಲಿ ತುಕ್ಕು ಎನ್ನುತ್ತೇವೆ. ಜಹೀರಾಬಾದಿನ ಯಾವುದಾದರೂ ಪಂಚರ್ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತರೆ ಅದೇ ಪುಡಿಗೆ ನಾಲ್ಕು ಹೆಸರುಗಳು ಕೇಳಿಸುತ್ತವೆ. ಕನ್ನಡದವನು ತುಕ್ಕು ಎಂದರೆ ತೆಲುಗಿನವನು ತುಪ್ಪು ಎನ್ನುತ್ತಾನೆ, ದಖ್ಖನಿ ಉರ್ದು ಮಾತನಾಡುವವನು ಜಂಗ್ ಎನ್ನುತ್ತಾನೆ, ಉದಗೀರದ ಕಡೆಯಿಂದ ಬಂದ ಮರಾಠಿಗನು ಗಂಜ್ ಎನ್ನುತ್ತಾನೆ. ನಾನು ಎಳವೆಯಲ್ಲಿ ಮರಾಠಿ ಮತ್ತು ಕನ್ನಡ ಎರಡರಲ್ಲಿಯೂ ಓದಿದವನಾದ್ದರಿಂದ, ಶಾಲೆಯಲ್ಲಿ ಗಂಜ್ ಎಂದು ಬರೆದು ಮನೆಯಲ್ಲಿ ಜಂಗು ಎಂದು ಆಡಿ, ಕಾಲೇಜಿಗೆ ಬಂದ ಮೇಲೆ ತುಕ್ಕು ಎಂದು ತಿದ್ದಿಕೊಂಡವನು.

ಈ ಬಹುಭಾಷಿಕತೆಗೆ ಚರಿತ್ರೆಯ ಕಾರಣವಿದೆ. 1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಸೇರಿದವು. 2016ರ ಜಿಲ್ಲಾ ವಿಂಗಡಣೆಯ ಬಳಿಕ ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಗಡಿ ಸರಿದರೂ ಮಾತು ಸರಿಯಲಿಲ್ಲ.

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಗಾಲಿಯ ನಟ್ಟಿಗೇನು ಕೆಲಸ ಎಂದು ನೀವು ಕೇಳಬಹುದು. ಕಳೆದ ಅವಧಿಯಲ್ಲಿ ವ್ಯಾವಹಾರಿಕ ಕನ್ನಡದ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿ, ಯಂತ್ರದ ವಿಷಯವನ್ನು ಕನ್ನಡದಲ್ಲಿ ಬರೆದರೆ ಅದು ಅನುವಾದದ ವಾಸನೆ ಹೊಡೆಯುತ್ತದೆಯಲ್ಲ, ಏಕೆ ಎಂದು ಕೇಳಿದ. ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ನನಗೆ ಅನುಭವದಿಂದ ತಿಳಿದ ಒಂದು ಸಣ್ಣ ಯಂತ್ರವಿಷಯವನ್ನು ಬರೆದು ತೋರಿಸುವುದೇ ಮೇಲೆಂದು ಈ ಲೇಖನ.

ಒಂದು ಸಂಜೆ

ಕೆಲವು ವರ್ಷಗಳ ಹಿಂದೆ, ಭಾದ್ರಪದದ ಮಳೆ ಹಿಡಿದಿದ್ದ ಒಂದು ಸಂಜೆ, ಉಸಿರಾಟದ ತೊಂದರೆಯಿದ್ದ ನನ್ನ ತಾಯಿಯನ್ನು ನಾರಾಯಣಖೇಡದ ಕಡೆಯ ಊರಿನಿಂದ ಬೀದರಿಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಮಂಜೀರಾ ಹೊಳೆ ಇನ್ನೂ ಮುಂದಿರುವಾಗಲೇ ಹಿಂದಿನ ಗಾಲಿ ಪಂಚರಾಯಿತು. ಸ್ಟೆಪ್ನಿಯಲ್ಲಿ ಗಾಳಿಯಿತ್ತು, ಜಾಕ್ ಇತ್ತು, ಪಾನಾ ಇತ್ತು. ನಾಲ್ಕು ನಟ್ಟುಗಳಲ್ಲಿ ಮೂರು ಬಿಚ್ಚಿದವು, ನಾಲ್ಕನೆಯದು ಕದಲಲಿಲ್ಲ. ಪಾನಾದ ಮೇಲೆ ನಿಂತೆ. ಅದು ಜಾರಿ ನಟ್ಟಿನ ಮೂಲೆಗಳು ಸವೆದವು. ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿನವರು ಕಬ್ಬಿಣದ ಕೊಳವೆಯೊಂದನ್ನು ಪಾನಾಕ್ಕೆ ತೊಡಿಸಿ ಬಿಚ್ಚುವಷ್ಟರಲ್ಲಿ ಒಂದೂಕಾಲು ಗಂಟೆ ಕಳೆದಿತ್ತು. ತಾಯಿ ಹಿಂದಿನ ಸೀಟಿನಲ್ಲಿ ಕುಳಿತು, ‘ಆತೇನಪ್ಪಾ’ ಎಂದು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳಲಿಲ್ಲ. ಆ ಮೌನ ನನ್ನನ್ನು ಹೆಚ್ಚು ಹೆದರಿಸಿತು. ಆಸ್ಪತ್ರೆ ತಲುಪಿದೆವು, ಆಕೆ ಗುಣವಾಗಿ ಮನೆಗೆ ಬಂದಳು. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಒಂದು ನಟ್ಟಿನ ಒಳಗೆ ಸೇರಿದ ಚಿಟಿಕೆಯಷ್ಟು ತುಕ್ಕು.

ತುಕ್ಕು ಎಂದರೇನು

ಕಬ್ಬಿಣಕ್ಕೆ ನೀರೂ ಗಾಳಿಯೊಳಗಿನ ಆಮ್ಲಜನಕವೂ ಒಟ್ಟಿಗೆ ದೊರೆತಾಗ ತುಕ್ಕು ಹುಟ್ಟುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ಈ ಕ್ರಿಯೆ ನಡೆಯುವುದಿಲ್ಲ. ನೀರು ಕಣ್ಣಿಗೆ ಕಾಣುವಂತೆಯೇ ಇರಬೇಕೆಂದಿಲ್ಲ. ಗಾಳಿಯ ತೇವಾಂಶ ಶೇಕಡಾ 60ರ ಆಚೆ ಹೋದರೆ ಲೋಹದ ಮೇಲೆ ಕಾಣದ ತೆಳುಪೊರೆಯಾಗಿ ನಿಂತ ನೀರೇ ಸಾಕು. ಉಪ್ಪು ಬೆರೆತರೆ ಆ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಕ್ರಿಯೆ ತೀವ್ರವಾಗುತ್ತದೆ. ಮಂಗಳೂರು, ಕಾಸರಗೋಡುಗಳ ಕಡಲಗಾಳಿಯಲ್ಲಿ ಕಬ್ಬಿಣ ಬೇಗ ಹಾಳಾಗುವುದು ಇದರಿಂದಲೇ.

ಲೋಹಗಳು ಹೊರಗಾಳಿಗೆ ಮೈಯೊಡ್ಡಿದಾಗ ಅವುಗಳ ಮೇಲೆ ಒಂದಲ್ಲ ಒಂದು ಪೊರೆ ಕೂಡುತ್ತದೆ. ತಾಮ್ರ, ಕಂಚುಗಳ ಮೇಲೆ ಕೂಡುವ ಹಸುರನ್ನು ನಾವು ಕಿಲುಬು ಎನ್ನುತ್ತೇವೆ. ಅಲ್ಯೂಮಿನಿಯಂ ಮೇಲೆ ಕೂಡುವ ಪೊರೆ ಕಣ್ಣಿಗೆ ಕಾಣುವುದೇ ಇಲ್ಲ. ಅದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಿಗೆ ಆ ಗುಣವಿಲ್ಲ. ಅದು ಸಡಿಲು, ಸರಂಧ್ರ. ಉದುರುತ್ತದೆ, ಉದುರಿದ ಕಡೆ ಹೊಸ ಕಬ್ಬಿಣ ತೆರೆದುಕೊಳ್ಳುತ್ತದೆ. ಮೇಲಾಗಿ, ತಾನು ಯಾವ ಕಬ್ಬಿಣದಿಂದ ಹುಟ್ಟಿತೋ ಆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗವನ್ನು ಅದು ಬೇಡುತ್ತದೆ. ಬಯಲಿನಲ್ಲಿದ್ದ ತುಕ್ಕು ಉಬ್ಬಿ ಉದುರಿಹೋದೀತು. ನಟ್ಟಿಗೂ ಬೋಲ್ಟಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ ಉಬ್ಬಲು ಜಾಗವಿಲ್ಲ. ಅಲ್ಲಿ ಅದು ಬೆಣೆಯಂತೆ ಬಿಗಿದು ಎರಡನ್ನೂ ಒಂದು ಮಾಡುತ್ತದೆ. ನನ್ನ ನಾಲ್ಕನೆಯ ನಟ್ಟು ಕದಲದಿದ್ದುದು ಈ ಕಾರಣದಿಂದ.

ನಮ್ಮ ನೆಲದ ಗುಣ

ಸಮುದ್ರದಿಂದ ಇಷ್ಟು ದೂರವಿರುವ, ವರ್ಷದ ಬಹುಭಾಗ ಒಣಗಿಯೇ ಇರುವ ನಮ್ಮ ಸೀಮೆಯಲ್ಲಿ ತುಕ್ಕಿನ ಕಾಟ ಕಡಮೆಯಿರಬೇಕು, ಕಡಮೆಯೇ ಇದೆ. ಆದರೆ ಗಾಲಿಯ ವಿಷಯದಲ್ಲಿ ಮೂರು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದು ಎರೆಮಣ್ಣು. ನಾರಾಯಣಖೇಡದ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಒಮ್ಮೆ ಹೋಗಿಬಂದರೆ ಗಾಲಿಯ ಒಳಮೈಗೆ, ನಟ್ಟುಗಳ ಸುತ್ತಲಿನ ಕುಳಿಗಳಿಗೆ ಕರಿಮಣ್ಣು ಮೆತ್ತಿಕೊಳ್ಳುತ್ತದೆ. ಜೇಡಿಯ ಅಂಶ ಹೆಚ್ಚಿರುವ ಆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ. ಹುಣ್ಣಿಗೆ ಒದ್ದೆಬಟ್ಟೆಯ ಪಟ್ಟಿ ಕಟ್ಟಿದ ಹಾಗೆ ಅದು ಉಕ್ಕಿಗೆ ನೀರಿನ ಪಟ್ಟಿಯಾಗುತ್ತದೆ.

ಎರಡನೆಯದು ಗೊಬ್ಬರ. ಪೊಟ್ಯಾಷ್ ಎಂದು ಚೀಲದಲ್ಲಿ ಬರುವುದು ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆಯ ಉಪ್ಪಿನ ಹತ್ತಿರದ ಬಂಧು. ಕಬ್ಬು, ಶುಂಠಿ ಬೆಳೆಯುವ ಜಹೀರಾಬಾದ್ ಸುತ್ತಿನ ರೈತರು ಒಂದೆರಡು ಚೀಲಗಳನ್ನು ಕಾರಿನ ಡಿಕ್ಕಿಯಲ್ಲಿಯೇ ಒಯ್ಯುವುದುಂಟು. ಚೆಲ್ಲಿದ ಹರಳುಗಳು ಸ್ಟೆಪ್ನಿ ಇರುವ ಗುಂಡಿಗೆ ಇಳಿಯುತ್ತವೆ. ಕಡಲಿಲ್ಲದ ಊರಿಗೆ ಕಡಲಿನ ಉಪ್ಪನ್ನು ನಾವೇ ತಂದುಕೊಂಡಂತೆ.

ಮೂರನೆಯದು ತಾಂಡೂರಿನ ಕಲ್ಲಿನ ನೀರು. ಸುಣ್ಣಕಲ್ಲಿನ ಗಣಿಗಳಿಗೂ ಹಾಸುಬಂಡೆಗಳಿಗೂ ಹೆಸರಾದ ಆ ಊರಿನ ಸುತ್ತ ಕಲ್ಲು ಕೊಯ್ಯುವ, ಮೆರುಗು ಕೊಡುವ ಘಟಕಗಳಿವೆ. ಸುಣ್ಣಗಲ್ಲಿನ ಸೀಮೆಯ ಕೊಳವೆಬಾವಿಯ ನೀರು ಗಡಸು. ಆ ನೀರಿನಿಂದ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ ಬಿಳಿಯ ಕಲೆ ಉಳಿಯುತ್ತದೆ. ಕಲ್ಲಿನ ರಾಡಿ ನಟ್ಟಿನ ಸುತ್ತ ಒಣಗಿದರೆ ಗಾರೆಯಂತೆ ಕೂಡುತ್ತದೆ. ಸುಣ್ಣ, ಸಿಮೆಂಟುಗಳಿಗೆ ಕ್ಷಾರಗುಣವಿರುವುದರಿಂದ ಅವು ತಾವಾಗಿಯೇ ತುಕ್ಕು ತರುವುದಿಲ್ಲ. ಕಾಂಕ್ರೀಟಿನ ಒಳಗಿನ ಸರಳನ್ನು ಕಾಯುವುದು ಆ ಕ್ಷಾರಗುಣವೇ. ಆದರೆ ಒಣಗಿದ ರಾಡಿ ಬಿರುಕುಬಿಟ್ಟಾಗ ಆ ಬಿರುಕುಗಳು ನೀರಿಗೆ ಮನೆಯಾಗುತ್ತವೆ, ನಟ್ಟು ತನ್ನ ಪೀಠದಲ್ಲಿ ಸರಿಯಾಗಿ ಕೂಡುವುದಕ್ಕೂ ಅಡ್ಡಿಯಾಗುತ್ತದೆ.

ಸತುವಿನ ಕವಚ

ಹೊಸ ನಟ್ಟು ಬೆಳ್ಳಗೆ ಅಥವಾ ತಿಳಿಹಳದಿಯಾಗಿ ಹೊಳೆಯುವುದನ್ನು ನೀವು ಗಮನಿಸಿರಬಹುದು. ಅದು ಸತುವಿನ ಲೇಪ, ಮರಾಠಿಯಲ್ಲಿ ಜಸ್ತ. ಸತುವಿನ ಪರಿಚಯ ನಮ್ಮ ಸೀಮೆಗೆ ಹೊಸದಲ್ಲ. ಬೀದರಿನ ಬಿದರಿ ಕಲೆಯ ಹೂಜಿ, ತಟ್ಟೆಗಳು ಸತುವಿನಲ್ಲಿ ತುಸು ತಾಮ್ರ ಬೆರೆಸಿ ಎರಕ ಹೊಯ್ದವು. ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಾಯಿಸಿ ಹಚ್ಚಿದಾಗ ಸತುವಿನ ಮೈ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಲೋಹದ ಮೇಲಿನ ಪೊರೆ ಎಲ್ಲ ಕಾಲಕ್ಕೂ ಶತ್ರುವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ನಟ್ಟಿನ ಮೇಲೆ ಸತು ಮಾಡುವ ಕೆಲಸ ಬೇರೆ ತೆರನಾದುದು. ಸತು ಕಬ್ಬಿಣಕ್ಕಿಂತ ಬೇಗ ಕರಗುವ ಸ್ವಭಾವದ್ದು. ಎರಡೂ ಒಂದನ್ನೊಂದು ತಾಗಿಕೊಂಡು ಒದ್ದೆಯಾದಾಗ ಸತು ಮೊದಲು ತನ್ನನ್ನು ಕಳೆದುಕೊಳ್ಳುತ್ತದೆ. ಅದು ಉಳಿದಿರುವವರೆಗೆ ಕಬ್ಬಿಣ ಉಳಿಯುತ್ತದೆ. ಲೇಪದಲ್ಲಿ ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ಆ ಗೀರನ್ನು ಕಾಯುತ್ತದೆ. ಥಳಥಳಿಸುವ ಕ್ರೋಮ್ ಲೇಪಕ್ಕೆ ಈ ತ್ಯಾಗಗುಣವಿಲ್ಲ. ಅದು ಬಿರುಕುಬಿಟ್ಟರೆ ಒಳಗಿನ ಕಬ್ಬಿಣ ಮರೆಯಲ್ಲಿ ತುಕ್ಕು ಹಿಡಿಯುತ್ತದೆ. ಸತುವಿನ ಲೇಪ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ತೆಳ್ಳಗಿರುವುದರಿಂದ ಅದನ್ನು ಉಕ್ಕಿನ ತಂತಿಯ ಬ್ರಷ್ಷಿನಿಂದ ಬಲವಾಗಿ ಉಜ್ಜುವುದು ನಮ್ಮ ಕಾವಲುಗಾರನನ್ನು ನಾವೇ ಹೊರಹಾಕಿದಂತೆ.

ಎಣ್ಣೆಯ ಪ್ರಶ್ನೆ

ಆ ಸಂಜೆಯ ಬಳಿಕ ನಾನು ಮಾಡಿದ ಕೆಲಸವನ್ನು ಹೇಳಬೇಕು. ಇನ್ನೆಂದೂ ತುಕ್ಕು ಹಿಡಿಯದಿರಲಿ ಎಂದು ಹದಿನಾರೂ ಬೋಲ್ಟುಗಳಿಗೆ ಗ್ರೀಸು ಬಳಿದು, ನಟ್ಟುಗಳನ್ನು ತಿರುಗಿಸಿ, ಪಾನಾದ ಮೇಲೆ ಕಾಲಿಟ್ಟು ಒತ್ತಿದೆ. ನಾಲ್ಕು ತಿಂಗಳ ನಂತರ ತಾಂಡೂರಿನ ಒಂದು ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಸುವಾಗ ಒಂದು ಬೋಲ್ಟು ಕಟ್ಟಾಗಿ ಮಿಸ್ತ್ರಿಯ ಕೈಗೆ ಬಂತು. ಇನ್ನೆರಡು ಎಳೆದುಹೋಗಿ ಉದ್ದವಾಗಿದ್ದವು. ಅವನು ಬೆರಳಿಗೆ ಹತ್ತಿದ ಗ್ರೀಸನ್ನು ನೋಡಿ, ‘ಸರ್, ತಿರಗೂದಕ್ಕ ಎಣ್ಣಿ ಹಚ್ಚಬೇಕ್ರಿ, ಹಿಡಿಯೂದಕ್ಕ ಹಚ್ಚಬಾರದ್ರಿ’ ಎಂದ. ನಾನು ಓದಿದ ಎಷ್ಟೋ ವಿವರಣೆಗಳಿಗಿಂತ ಆ ಮಾತು ಸ್ಪಷ್ಟವಾಗಿತ್ತು.

ಎತ್ತಿನಗಾಡಿಯ ಕಾಲದಿಂದ ನಮ್ಮ ಭಾಷೆಯಲ್ಲಿ ಈ ವಿವೇಕ ಅಡಗಿದೆ. ಗುಂಭ, ಅಚ್ಚು, ಕಡಾಣಿ ಎಂಬ ಮೂರು ಮಾತುಗಳನ್ನು ನೆನೆಯಿರಿ. ಗುಂಭವು ಅಚ್ಚಿನ ಮೇಲೆ ತಿರುಗುತ್ತದೆ. ಅಲ್ಲಿಗೆ ಬೇಕಾದುದು ಕೀಲೆಣ್ಣೆ, ಮರಾಠಿಯ ವಂಗಣ. ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ನಿಂತು ಕಾಯುವುದು ಕಡಾಣಿ. ಇಂದಿನ ಕಾರಿನಲ್ಲಿ ತಿರುಗುವ ಕೆಲಸ ಬೇರಿಂಗಿನದು. ಅದಕ್ಕೆ ಗ್ರೀಸು ಬೇಕು. ಕಡಾಣಿಯ ಕೆಲಸ ನಟ್ಟುಗಳದು. ನಾನು ಕಡಾಣಿಗೆ ಕೀಲೆಣ್ಣೆ ಹಚ್ಚಿದ್ದೆ.

ಇದರ ಕಾರಣವನ್ನು ಲೆಕ್ಕದಿಂದ ತಿಳಿಯೋಣ. ನಟ್ಟನ್ನು ತಿರುಗಿಸಲು ನಾವು ಹಾಕುವ ಶ್ರಮದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಘರ್ಷಣೆಗೇ ಖರ್ಚಾಗುತ್ತದೆ. ಬೋಲ್ಟನ್ನು ಎಳೆದು ಗಾಲಿಯನ್ನು ಒತ್ತಿಹಿಡಿಯಲು ಸಲ್ಲುವುದು ಹತ್ತು ಪಾಲು ಮಾತ್ರ. ಒಣಗಿದ, ಶುದ್ಧವಾದ 12 ಮಿಲಿಮೀಟರ್ ಬೋಲ್ಟಿನ ಮೇಲಿನ ನಟ್ಟನ್ನು 100 ನ್ಯೂಟನ್ ಮೀಟರ್ ಅಳತೆಗೆ ಬಿಗಿದರೆ ಅದು ಸುಮಾರು 4 ಟನ್ ಭಾರದಷ್ಟು ಬಲದಿಂದ ಗಾಲಿಯನ್ನು ಒತ್ತಿಹಿಡಿಯುತ್ತದೆ. ಗ್ರೀಸು ಬಳಿದಾಗ ಘರ್ಷಣೆ ತಗ್ಗುತ್ತದೆ. ಅದೇ 100 ನ್ಯೂಟನ್ ಮೀಟರಿಗೆ ಎಳೆತ 6 ಟನ್ನಿನ ಆಚೆ ಹೋಗಬಹುದು. ಬೋಲ್ಟು ಎಳೆದುಹೋಗುತ್ತದೆ, ಒಂದು ದಿನ ಕಡಿಯುತ್ತದೆ. ತುಕ್ಕು ಹಿಡಿದ ಬೋಲ್ಟಿನಲ್ಲಿ ಇದರ ವಿಪರೀತ: ಘರ್ಷಣೆ ಹೆಚ್ಚಿ, ಪಾನಾ ಬಿಗಿಯಾದಂತೆ ಕಂಡರೂ ಒಳಗೆ ಎಳೆತ ಕಡಮೆ, ನಟ್ಟು ಸಡಿಲವಾಗಿ ಗಾಲಿ ಕಳಚುವ ಅಪಾಯ. ಎರಡು ಸಂದರ್ಭಗಳಲ್ಲಿಯೂ ಕೈಗೆ ತಿಳಿಯುವ ಬಿಗಿತ ಸುಳ್ಳು.

ಅನೇಕ ಸಣ್ಣ ಕಾರುಗಳಿಗೆ ತಯಾರಕರು ಹೇಳುವ ಅಳತೆ 85ರಿಂದ 110 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನದನ್ನು ಅದರ ಕೈಪಿಡಿಯಲ್ಲಿಯೇ ನೋಡಬೇಕು. ಒಂದಡಿ ಉದ್ದದ ಪಾನಾದ ತುದಿಯಲ್ಲಿ ಸುಮಾರು 35 ಕಿಲೋ ಭಾರ ಒತ್ತಿದರೆ ಅದು ಸರಿಸುಮಾರು 100 ನ್ಯೂಟನ್ ಮೀಟರ್. 70 ಕಿಲೋ ತೂಕದ ಮನುಷ್ಯ ಅದರ ಮೇಲೆ ನಿಂತರೆ ಎರಡು ಪಟ್ಟು. ನನ್ನ ಬೋಲ್ಟು ಏಕೆ ಕಡಿಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡವಾಯಿತು.

ಮಾಡಬೇಕಾದ ಕ್ರಮ

ಹಾಗಾದರೆ ತುಕ್ಕನ್ನು ತಡೆಯುವ ಬಗೆ ಯಾವುದು? ಶುದ್ಧವಾಗಿಡುವುದು, ಒಣಗಿಸುವುದು, ಆಗಾಗ ಬಿಚ್ಚಿ ನೋಡುವುದು.

ಮಣ್ಣಿನ ದಾರಿಯಿಂದ ಬಂದ ದಿನವೇ ಗಾಲಿಯ ಒಳಹೊರಗನ್ನೂ ನಟ್ಟುಗಳ ಕುಳಿಗಳನ್ನೂ ನೀರು ಹೊಡೆದು ತೊಳೆಯಬೇಕು. ಗಾಲಿಯ ಮೇಲೆ ಪ್ಲಾಸ್ಟಿಕ್ ಮುಚ್ಚಳವಿದ್ದರೆ ತೆಗೆದು ತೊಳೆಯಬೇಕು, ಏಕೆಂದರೆ ಅದರ ಹಿಂದೆಯೇ ಹೆಚ್ಚು ಮಣ್ಣು ಕೂಡುತ್ತದೆ. ತೊಳೆದ ಗಾಡಿಯನ್ನು ಹಾಗೆಯೇ ನಿಲ್ಲಿಸದೆ ಬಟ್ಟೆಯಿಂದ ಒರೆಸಿ, ಒಂದೆರಡು ಕಿಲೋಮೀಟರ್ ಓಡಿಸಿದರೆ ಗಾಳಿಗೂ ಬ್ರೇಕಿನ ಕಾವಿಗೂ ತೇವ ಆರುತ್ತದೆ. ಡಿಕ್ಕಿಯಲ್ಲಿ ಗೊಬ್ಬರ ಒಯ್ದಿದ್ದರೆ ಸ್ಟೆಪ್ನಿಯನ್ನು ಎತ್ತಿ ಅದರ ಗುಂಡಿಯನ್ನೂ ಒರೆಸಬೇಕು.

ವರ್ಷಕ್ಕೆ ಎರಡು ಸಲ, ಮೃಗಶಿರೆ ಮಳೆಗೆ ಮೊದಲೊಮ್ಮೆ ಮತ್ತು ದಸರೆಯ ಆಯುಧಪೂಜೆಯ ಹೊತ್ತಿಗೊಮ್ಮೆ, ಗಾಲಿಗಳನ್ನು ಬಿಚ್ಚಿಸಬೇಕು. ಆಯುಧಪೂಜೆಯಂದು ಗಾಡಿಗೆ ಕುಂಕುಮ, ಹೂವು ಏರಿಸುವ ನಾವು ನಟ್ಟನ್ನೂ ಒಮ್ಮೆ ಬಿಚ್ಚಿ ಒರೆಸಿದರೆ ಆಯುಧಕ್ಕೆ ಇನ್ನೂ ಹೆಚ್ಚು ಗೌರವ ಸಲ್ಲುತ್ತದೆ. ಬೋಲ್ಟಿನ ಸುರುಳಿಗೆರೆಗಳನ್ನು, ಅಂದರೆ ಗ್ಯಾರೇಜಿನವರ ಥ್ರೆಡ್ಡು, ದಖ್ಖನಿಯ ಚೂಡಿ, ಮರಾಠಿಯ ಆಟೆಗಳನ್ನು, ನೈಲಾನ್ ಅಥವಾ ಮೃದುವಾದ ಹಿತ್ತಾಳೆ ಬ್ರಷ್ಷಿನಿಂದ ಒಣದಾಗಿ ಉಜ್ಜಿ ಒರೆಸಬೇಕು. ಗಾಲಿಯೂ ಹಬ್ಬೂ ಕೂಡುವ ಸಮತಟ್ಟಾದ ಮುಖದಲ್ಲಿ ತುಕ್ಕಿನ ಪದರವಿದ್ದರೆ ಅದನ್ನು ಕೆರೆದು ತೆಗೆಯಬೇಕು; ಇಲ್ಲವಾದರೆ ಗಾಡಿ ಓಡುವಾಗ ಆ ಪದರ ಪುಡಿಯಾಗಿ ನಟ್ಟಿನ ಬಿಗಿತ ಇಳಿಯುತ್ತದೆ. ಹಬ್ಬಿನ ನಡುವಿನ ಉಬ್ಬಿದ ಅಂಚಿಗೆ ಮಾತ್ರ, ಗಾಲಿ ಅಂಟಿಕೊಳ್ಳದಿರಲೆಂದು, ತೆಳುವಾಗಿ ಗ್ರೀಸು ಸವರಬಹುದು. ಬೋಲ್ಟಿನ ಗೆರೆಗಳಿಗೆ, ನಟ್ಟು ಕೂಡುವ ಇಳಿಜಾರು ಪೀಠಕ್ಕೆ, ಬ್ರೇಕಿನ ತಟ್ಟೆಗೆ ಅದು ತಾಗಬಾರದು.

ಉಕ್ಕಿನ ಗಾಲಿಯ ಬಣ್ಣ ಸಿಡಿದ ಕಡೆ ತುಕ್ಕನ್ನು ಉಜ್ಜಿ ತೆಗೆದು, ಸತುವಿರುವ ಪ್ರೈಮರ್ ಹಚ್ಚಿ, ಬಣ್ಣ ಬಳಿಯಬೇಕು. ನಟ್ಟು ಕೂಡುವ ಕುಳಿಗಳಿಗೂ ಹಬ್ಬಿಗೆ ತಾಗುವ ಮುಖಕ್ಕೂ ಬಣ್ಣದ ದಪ್ಪ ಪದರ ಬೀಳಬಾರದು. ತುಕ್ಕನ್ನು ಕಪ್ಪುಪೊರೆಯಾಗಿ ಮಾರ್ಪಡಿಸುವ ದ್ರಾವಣಗಳೂ ಅಂಗಡಿಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಕೆಲವು ಟ್ಯಾನಿನ್ ಎಂಬ ಒಗರು ಪದಾರ್ಥದಿಂದ ಕೆಲಸ ಮಾಡುತ್ತವೆ. ಅಳಲೆಕಾಯಿಯ ಒಗರು ಅನ್ನಭೇದಿಯ ಕಬ್ಬಿಣದೊಡನೆ ಕೂಡಿ ಹಳೆಯ ಕಾಲದ ಮಸಿಯಾದದ್ದೂ ಇದೇ ಕ್ರಿಯೆಯಿಂದ. ಹಸ್ತಪ್ರತಿಗಳ ಪಾಠ ಓದುವ ನಿಮಗೆ ಈ ನಂಟು ಹಿತವೆನಿಸೀತು.

ಮರಳಿ ಜೋಡಿಸುವಾಗ ಮೊದಲ ಕೆಲವು ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಬೆರಳಿಗೆ ಬಾರದ ನಟ್ಟನ್ನು ಪಾನಾದಿಂದ ಬಲವಂತ ಮಾಡಿದರೆ ಗೆರೆಗಳು ಕೆಡುತ್ತವೆ. ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು, ಹೀಗೆ ಅಡ್ಡಲಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತ ಬರಬೇಕು. ಕೊನೆಯ ಬಿಗಿತಕ್ಕೆ ಟಾರ್ಕ್ ಪಾನಾ ಬಳಸುವಂತೆ ಗ್ಯಾರೇಜಿನವರನ್ನು ಕೇಳಿರಿ. ಕೇಳಲು ಸಂಕೋಚ ಬೇಡ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಮೂಲೆ ಸವೆದ, ಗೆರೆ ಕೆಟ್ಟ ನಟ್ಟನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ. ಹೊಸದು ಅದೇ ಗೆರೆಯದೂ ಅದೇ ಆಕಾರದ ಪೀಠದ್ದೂ ಆಗಿರಬೇಕು.

ಇಷ್ಟಾದರೂ ದಾರಿಯಲ್ಲಿ ನಟ್ಟು ಹಿಡಿದುಕೊಂಡರೆ, ಗಾಲಿ ನೆಲದ ಮೇಲಿರುವಾಗಲೇ, ಅಂದರೆ ಜಾಕ್ ಏರಿಸುವ ಮೊದಲೇ, ಬಿಚ್ಚುವ ಪ್ರಯತ್ನ ಮಾಡಬೇಕು. ತುಕ್ಕಿನೊಳಗೆ ಇಳಿಯುವ ತೆಳುವಾದ ಎಣ್ಣೆಯನ್ನು ಸಿಂಪಡಿಸಿ, ಹದಿನೈದಿಪ್ಪತ್ತು ನಿಮಿಷ ತಾಳಿ, ನಟ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಪಾನಾವನ್ನು ಪೂರ್ತಿಯಾಗಿ ಕೂರಿಸಿ ತಿರುಗಿಸಬೇಕು. ಬಿಚ್ಚಿದ ಮೇಲೆ ಆ ಎಣ್ಣೆಯನ್ನು ಒರೆಸಿಯೇ ಮರಳಿ ಜೋಡಿಸಬೇಕು. ಬೆಂಕಿಯ ಕಾವು ಕೊಡಬಾರದು. ಬೋಲ್ಟಿನ ಗಡಸುತನ ಅದರಿಂದ ಹೋಗುತ್ತದೆ, ಟಯರಿಗೂ ಅಪಾಯ.

ಕೊನೆಯದಾಗಿ

ಆ ವಿದ್ಯಾರ್ಥಿಯ ಪ್ರಶ್ನೆಗೆ ಮರಳುತ್ತೇನೆ. ಈ ಲೇಖನವನ್ನು ಬರೆಯುವಾಗ ನನಗೆ ಶಬ್ದಕೋಶ ಒದಗಿಸಿದ್ದಕ್ಕಿಂತ ಹೆಚ್ಚನ್ನು ಪಂಚರ್ ಅಂಗಡಿಯೂ ಗಾಡಿ ಮಾಡುವ ಬಡಿಗನ ಅಂಗಳವೂ ಒದಗಿಸಿದವು. ಪಾನಾ, ಚೂಡಿ, ಸ್ಟೆಪ್ನಿಗಳನ್ನು ನಾನು ತಿದ್ದಲಿಲ್ಲ. ಗುಂಭ, ಕಡಾಣಿ, ಕೀಲೆಣ್ಣೆಗಳನ್ನು ಬಿಡಲಿಲ್ಲ. ಕೆಲಸ ಮಾಡುವವರ ನಾಲಗೆಯಿಂದ ಬಂದ ಮಾತಿಗೆ ಅನುವಾದದ ವಾಸನೆ ಇರುವುದಿಲ್ಲ. ಆದರೆ ಬಳಸದ ಮಾತು ಬಿಚ್ಚದ ನಟ್ಟಿನಂತೆ. ಬೇಕಾದ ಹೊತ್ತಿಗೆ ಬಾರದು. ಕಡಾಣಿ ಎಂದರೇನೆಂದು ತರಗತಿಯಲ್ಲಿ ಕೇಳಿದಾಗ ಒಬ್ಬಳು ಮಾತ್ರ ಕೈ ಎತ್ತಿದಳು. ಅವಳ ಅಜ್ಜ ಗಾಡಿ ಹೊಡೆಯುತ್ತಿದ್ದರಂತೆ.

ಆದ್ದರಿಂದ ರಜೆಗೆ ಊರಿಗೆ ಹೋದವರು ಎರಡು ಕೆಲಸ ಮಾಡಿಬನ್ನಿರಿ. ನಿಮ್ಮ ಊರಿನ ಗ್ಯಾರೇಜು, ಕಮ್ಮಾರಸಾಲೆ, ಬಡಿಗರ ಮನೆಗಳಲ್ಲಿ ಗಾಲಿಯ ಒಂದೊಂದು ಭಾಗಕ್ಕೂ ಯಾವ ಯಾವ ಭಾಷೆಯಲ್ಲಿ ಏನೇನು ಹೆಸರಿದೆಯೆಂದು ಬರೆದುಕೊಂಡು ತನ್ನಿರಿ. ವಿಭಾಗದಲ್ಲಿ ಅವನ್ನು ಒಟ್ಟುಗೂಡಿಸೋಣ. ಮನೆಯಲ್ಲಿ ಕಾರೋ ಆಟೋವೋ ಇದ್ದರೆ, ಮಳೆ ಬರುವ ಮೊದಲು, ಹಿರಿಯರನ್ನು ಕೂರಿಸಿಕೊಂಡು ದೂರ ಹೋಗಬೇಕಾಗಿ ಬರುವ ಮೊದಲು, ಅದರ ನಟ್ಟುಗಳನ್ನು ಒಮ್ಮೆ ಬಿಚ್ಚಿಸಿ ನೋಡಿರಿ.